ಒಂಬತ್ತು ಗುಳಿಗೆ

ಬೆಳಿಗ್ಗೆ ಏಳು ಗಂಟೆಗೆ ಶರಣಬಸಪ್ಪನ ಹೊಲದ ಗೇಟಿನ ಮುಂದೆ ಹೆಂಗಸರು ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಪಾರಮ್ಮ ಒಬ್ಬೊಬ್ಬರ ಮುಂದೆಯೂ ಹೋಗಿ ಕೇಳಬೇಕು. ಕೇಳುವುದು ಒಂದೇ ಮಾತು.

"ಹೊರಗಾಗೀಯೇನ?"

ಇಲ್ಲ ಅಂದವಳು ಒಳಗೆ. ಹೂಂ ಅಂದವಳು ಬಂದ ದಾರಿ ಹಿಡಿದು ಮನೆಗೆ. ಅವತ್ತಿನ ಕೂಲಿ ಇಲ್ಲ, ಮರುದಿನದ್ದೂ ಇಲ್ಲ. ತಲೆಗೆ ನೀರು ಹಾಕಿಕೊಂಡು ಐದನೆಯ ದಿನಕ್ಕೆ ಬಂದರೆ ಸೇರಿಸಿಕೊಳ್ಳುತ್ತಾರೆ.

ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹೋಗುವ ದಾರಿಯ ಕರಿ ನೆಲದಲ್ಲಿ ಈಗ ಅಲ್ಲಲ್ಲಿ ಬೀಜದ ಹತ್ತಿ ಹಾಕುತ್ತಾರೆ. ಈ ಹತ್ತಿ ಅರಳೆಗಲ್ಲ, ಬೀಜಕ್ಕೆ. ಕಂಪನಿಯವರು ಬೀಜ ಕೊಟ್ಟು ಹೋಗುತ್ತಾರೆ, ಬೀಜ ಹೊತ್ತುಕೊಂಡು ಹೋಗುತ್ತಾರೆ. ನಡುವಿನ ಕೆಲಸವೆಲ್ಲ ಹೆಂಗಸರ ಬೆರಳಿನದು. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸುಲಿದು, ಒಳಗಿನ ಕೇಸರವನ್ನೆಲ್ಲ ಕಿತ್ತು ಹಾಕಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ತಂದು ಅದರ ತುದಿಗೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹೊತ್ತು ನೆತ್ತಿಗೆ ಬರುವುದರೊಳಗೆ ಮುಗಿಯಬೇಕು, ಆಮೇಲೆ ಸವರಿದರೆ ಕಾಯಿ ಕಟ್ಟುವುದಿಲ್ಲ. ಒಬ್ಬೊಬ್ಬಳಿಗೂ ದಿನಕ್ಕೆ ಸಾವಿರದ ಮೇಲೆ ಮೊಗ್ಗು. ಉಗುರು ಸೀಳುತ್ತದೆ. ಬೆರಳ ತುದಿ ಹಣ್ಣಾಗುತ್ತದೆ. ಸಂಜೆಗೆ ಸೊಂಟ ನೆಟ್ಟಗಾಗುವುದಿಲ್ಲ.

ಕೇರಿಯ ಹೆಂಗಸರ ಕೈ ಹೂವಿಗೆ ಆಗುತ್ತದೆ, ಕೊಡಕ್ಕೆ ಆಗುವುದಿಲ್ಲ. ನೀರಡಿಸಿದರೆ ಬೊಗಸೆ ಒಡ್ಡಬೇಕು. ಅದರ ಮೇಲೆ ಇನ್ನೊಂದು: ಮುಟ್ಟಾದವಳು ಕಾಲಿಟ್ಟರೆ ಹೂ ಉದುರುತ್ತದಂತೆ. ಕಣ್ಣಾರೆ ಕಂಡವರು ಯಾರು ಅಂದರೆ ಯಾರೂ ಇಲ್ಲ. ಆದರೆ ನಂಬದವರೂ ಇಲ್ಲ.

ಪಾರಮ್ಮನಿಗೆ ಅರವತ್ತು ಹತ್ತಿರವಾಗಿತ್ತು. ಮುಟ್ಟು ನಿಂತು ವರ್ಷಗಳಾಗಿದ್ದವು. ಶರಣಬಸಪ್ಪ ಅವಳನ್ನು ಮೇಸ್ತ್ರಿ ಮಾಡಿದ್ದು ಅದಕ್ಕೇ. "ನೀ ಈಗ ಗಂಡಸಿನಂಗ ಬಿಡು, ನಿನ್ನ ಮ್ಯಾಲೆ ನಂಬಿಗಿ ಐತಿ" ಅಂದಿದ್ದ. ಅದನ್ನು ಅವಳು ಹೊಗಳಿಕೆ ಅಂತಲೇ ತಿಳಿದಳು. ಉಳಿದವರಿಗೆ ಬೊಗಸೆ, ಅವಳಿಗೆ ಮಾತ್ರ ಗೇಟಿನ ಕಂಬಕ್ಕೆ ಸಿಗಿಸಿದ ಒಂದು ಬೇರೆ ಲೋಟ. ಅಷ್ಟಕ್ಕೇ ಹಿಗ್ಗಿದಳು. ಕೊರಳಿಗೆ ಪಟ್ಟಿ ಬಿದ್ದರೆ ನಾಯಿಯೂ ಹಿಗ್ಗುತ್ತದೆ.

ಹೆಂಗಸರು ಸುಳ್ಳು ಹೇಳುತ್ತಿದ್ದರು. ಒಲೆ ಉರಿಯಬೇಕಲ್ಲ! ನಿಂತ ಭಂಗಿಯಲ್ಲೇ ಪಾರಮ್ಮನಿಗೆ ತಿಳಿಯುತ್ತಿತ್ತು, ಆದರೆ ತಿಳಿಯದವಳ ಹಾಗೆ ಮುಂದೆ ಹೋಗುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆ ಹನ್ನೊಂದು ವರ್ಷ ನಡೆದಿತ್ತು.

ಸುಳ್ಳು ದಕ್ಕದಿದ್ದವಳು ಒಬ್ಬಳೇ. ಮಾರೆಮ್ಮ.

ಮಾರೆಮ್ಮ ಪಾರಮ್ಮನ ತಂಗಿಯ ಮಗಳು. ತಂಗಿ ಸತ್ತ ಮೇಲೆ ಪಾರಮ್ಮನೇ ಸಾಕಿ, ತನ್ನ ಕೇರಿಯ ದ್ಯಾಮಣ್ಣನಿಗೇ ಕೊಟ್ಟು ಕಣ್ಣ ಮುಂದೆ ಇಟ್ಟುಕೊಂಡಿದ್ದಳು. ಸಣ್ಣಾಕೆಯಿದ್ದಾಗ ಕೀಲು ಬಾತು ಜ್ವರ ಬಂದಿತ್ತು. ಆ ಜ್ವರ ಎದೆಗೆ ಇಳಿದದ್ದು ಗೊತ್ತಾದದ್ದು ಮದುವೆಯಾದ ಮೇಲೆ, ನಾಲ್ಕು ಹೆಜ್ಜೆ ನಡೆದರೆ ತೇಕುವಾಗ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಸರಕಾರದ ಕಾರ್ಡಿನ ಮೇಲೆ ಎದೆ ಸೀಳಿ, ಕೆಟ್ಟ ಕವಾಟ ತೆಗೆದು, ಲೋಹದ್ದು ಹಾಕಿ ಕಳಿಸಿದ್ದರು. ಪಕ್ಕದಲ್ಲಿ ಕೂತರೆ ಟಿಕ್ ಟಿಕ್ ಅಂತ ಕೇಳುತ್ತಿತ್ತು. "ಗಡಿಯಾರ ಬಂತು, ಟೈಮೆಷ್ಟಾತವ್ವಾ?" ಅಂತ ಹೆಂಗಸರು ಕಾಡುವರು. ಅವಳೂ ನಗುವಳು, "ನಿನ್ನ ಗಂಡ ಏಳೂ ಟೈಮ್ ಆತು, ಹೋಗು" ಅನ್ನುವಳು.

ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಅದಕ್ಕೆ ರಕ್ತ ತೆಳುವಾಗಿಡುವ ಗುಳಿಗೆ, ದಿನಕ್ಕೊಂದು, ಬದುಕಿರುವ ತನಕ. ಒಸಡಿನಲ್ಲಿ ರಕ್ತ ಬರುತ್ತದೆಯೇ, ಮೂಗಿನಲ್ಲಿ ಬರುತ್ತದೆಯೇ ಅಂತ ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು. ತಿಂಗಳ ಸಂಗತಿ ಯಾರೂ ಕೇಳಲಿಲ್ಲ. ಗಂಡಸರ ಮುಂದೆ ಆ ಮಾತು ತೆಗೆಯಲು ಅವಳಿಗೂ ಬಾಯಿ ಬರಲಿಲ್ಲ. ನಾಲ್ಕು ದಿನದ ಮುಟ್ಟು ಹನ್ನೆರಡು ದಿನ ಹರಿಯತೊಡಗಿತ್ತು. ಅರಿವೆ ಸಾಲುತ್ತಿರಲಿಲ್ಲ. ಗೇಟಿನಿಂದ ತಿಂಗಳಿಗೆ ಹನ್ನೆರಡು ದಿನ ವಾಪಸ್ಸು.

ಶ್ರಾವಣದಲ್ಲಿ ಒಂದು ದಿನ ಅವಳೂ "ಇಲ್ಲ" ಅಂದು ಒಳಗೆ ಹೋದಳು. ಪಾರಮ್ಮ ಬಿಟ್ಟಳು. ಹತ್ತು ಗಂಟೆಯ ಸುಮಾರಿಗೆ ರಕ್ತ ಸೀರೆ ದಾಟಿ, ಕಾಲಿಗಿಳಿದು, ಹಿಮ್ಮಡಿಯಿಂದ ಮಣ್ಣಿಗೆ ಹತ್ತಿತು. ಅದೇ ಸಾಲಿಗೆ ಶರಣಬಸಪ್ಪ ಬಂದ.

ಅವನು ಮಾರೆಮ್ಮನನ್ನು ಬೈಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಎಲ್ಲ ಹೆಂಗಸರನ್ನೂ ಕರೆದು ನಿಲ್ಲಿಸಿ ಪಾರಮ್ಮನಿಗೆ ಹೇಳಿದ.

"ಆ ಮಣ್ಣು ಕೆರದು ಹೊರಗ ಹಾಕು."

ಪಾರಮ್ಮ ಕುಕ್ಕುರುಗಾಲಲ್ಲಿ ಕೂತು ಕೆರೆದಳು. ತಾನು ಎತ್ತಿ ಆಡಿಸಿದ ಹುಡುಗಿಯ ರಕ್ತವನ್ನು ಮಣ್ಣಿನ ಸಮೇತ ಬುಟ್ಟಿಗೆ ತುಂಬಿದಳು. ಬದುವಿನ ಆಚೆ ಚೆಲ್ಲಿ ಬಂದು ಗೋಮೂತ್ರ ಹೊಡೆದಳು. ಮಾರೆಮ್ಮ ಬೇಲಿಗೆ ಬೆನ್ನು ಹಚ್ಚಿ, ಸೆರಗು ಹಿಂದಕ್ಕೆ ಸುತ್ತಿಕೊಂಡು, ತಲೆ ತಗ್ಗಿಸಿ ನಿಂತಿದ್ದಳು. ಇಪ್ಪತ್ತೆರಡು ಮಂದಿ ನೋಡುತ್ತಿದ್ದರು.

"ಇನ್ನೊಮ್ಮೆ ಹಿಂಗಾದ್ರ ನಿನ್ನ ಗ್ಯಾಂಗೇ ಬ್ಯಾಡ ನನಗ" ಅಂದ ಶರಣಬಸಪ್ಪ.

ಸಂಜೆ ಮನೆಗೆ ಬರುವಾಗ ಪಾರಮ್ಮನಿಗೆ ಸಿಟ್ಟು ಕುದಿಯುತ್ತಿತ್ತು. ಸಿಟ್ಟು ಬರಬೇಕಾದದ್ದು ಯಾರ ಮೇಲೆ? ಬಂದದ್ದು ಮಾರೆಮ್ಮನ ಮೇಲೆ. ಬಡವರ ಸಿಟ್ಟು ಯಾವಾಗಲೂ ಹೀಗೇ, ತಗ್ಗಿದ್ದ ಕಡೆ ಹರಿಯುತ್ತದೆ.

"ನನ್ನ ಮಾರಿಗೆ ಮಸಿ ಬಳದಿ" ಅಂದಳು. "ಆ ಗುಳಿಗಿ ಬಿಡು. ಕ್ರಾಸಿಂಗ್ ಮುಗಿಯೂತನಾ ಬಿಡು. ರಕ್ತ ನೀರು ಮಾಡೂದ ಅದು."

"ಒಂದ ದಿನಾನೂ ಬಿಡಬಾರದು ಅಂದಾರ ದೊಡ್ಡವ್ವ."

"ಅಂದವರು ಹೊಲಕ್ಕ ಬರತಾರೇನು? ಅಷ್ಟ ದಿನ ಬಿಟ್ರ ಸಾಯೂದಿಲ್ಲ. ದ್ಯಾಮಣ್ಣಗ ಹೇಳಬ್ಯಾಡ, ಅಂವ ಹೆದರತಾನ."

ದ್ಯಾಮಣ್ಣ ದಿನಾ ಸಂಜೆ ತಾನೇ ಗುಳಿಗೆ ಬಿಡಿಸಿ ಹೆಂಡತಿಯ ಅಂಗೈಗೆ ಇಡುತ್ತಿದ್ದ, ನೀರು ಕೊಡುತ್ತಿದ್ದ. ಮಾರೆಮ್ಮ ನಾಲಿಗೆಯ ಅಡಿ ಒತ್ತಿ ಇಟ್ಟುಕೊಂಡು, ಅವನು ಆ ಕಡೆ ತಿರುಗಿದಾಗ ಉಗುಳಿ ಸೆರಗಿಗೆ ಗಂಟು ಹಾಕುತ್ತಿದ್ದಳು. ಬೆಳಿಗ್ಗೆ ಬಾವಿಯ ಹತ್ತಿರ ಆ ಗಂಟು ಬಿಚ್ಚಿ ದೊಡ್ಡವ್ವನ ಕೈಗೆ ಕೊಡುವಳು. ಪಾರಮ್ಮ ಅದನ್ನು ಎಲೆ ಅಡಿಕೆ ಚೀಲಕ್ಕೆ ಹಾಕಿಕೊಳ್ಳುವಳು. ಎಸೆಯಲು ಏನೋ ಅಳುಕು. ಐದನೆಯ ದಿನಕ್ಕೆ ಹರಿಯುವುದು ನಿಂತಿತು, ತಲೆಗೆ ನೀರು ಹಾಕಿಕೊಂಡು ಮಾರೆಮ್ಮ ಮತ್ತೆ ಹೊಲಕ್ಕೆ ಬಂದಳು. "ನೋಡಿದಿ?" ಅಂದಳು ಪಾರಮ್ಮ. ಡಾಕ್ಟರನ್ನು ಗೆದ್ದವಳ ಹಾಗೆ ಒಂದು ಎಲೆ ಜಾಸ್ತಿ ಹಾಕಿಕೊಂಡಳು.

ಹತ್ತನೆಯ ದಿನ ಬೆಳಿಗ್ಗೆ ದ್ಯಾಮಣ್ಣ ಬಾವಿಯ ಹತ್ತಿರ ಸಿಕ್ಕ.

"ಅತ್ತಿ, ಎರಡ ದಿನಾತು, ಆಕಿ ಎದಿಯಾಗ ಸಪ್ಪಳಾನ ಕೇಳವಲ್ದು. ಛಲೋನೋ ಕೆಟ್ಟೋ?"

"ರೂಢಿ ಆಗಿರತೈತಿ ನಿನ್ನ ಕಿವಿಗಿ. ಸುಮ್ನಿರು" ಅಂದಳು ಪಾರಮ್ಮ.

ಎಂಟೂವರೆಗೆ ನಾಲ್ಕನೆಯ ಸಾಲಿನಲ್ಲಿ ಮಾರೆಮ್ಮನ ಕೈಯಿಂದ ಹೂವಿನ ಬುಟ್ಟಿ ಬಿತ್ತು. ಎತ್ತಲು ಬಾಗಿದಳು. ಬಲಗೈ ಬರಲಿಲ್ಲ. ಅದನ್ನು ಎಡಗೈಯಿಂದ ಹಿಡಿದು ನೋಡಿದಳು, ಯಾರದೋ ಕೈ ನೋಡುವ ಹಾಗೆ. ಬಾಯಿ ಒಂದು ಕಡೆ ಜಗ್ಗಿತು. "ದೊ... ದೊ..." ಅಂದಳು. ಅಷ್ಟೇ. ಕುಸಿದು ಕೂತು ಉಸಿರಿಗೆ ಒದ್ದಾಡತೊಡಗಿದಳು.

"ಮೊದಲ ಹೊಲದಿಂದ ಹೊರಗ ಒಯ್ರಿ" ಅಂತ ಶರಣಬಸಪ್ಪ ದೂರದಿಂದಲೇ ಕೂಗಿದ. ಅವನ ಜೀಪು ನೆರಳಲ್ಲಿ ನಿಂತಿತ್ತು, ನಿಂತೇ ಇತ್ತು. ಹೆಂಗಸರು ಹೊತ್ತುಕೊಂಡು ರಸ್ತೆಗೆ ಬಂದರು. ಈರುಳ್ಳಿ ಚೀಲ ಹೇರಿಕೊಂಡು ಹೊರಟಿದ್ದ ಮದಾರಸಾಬ ಚೀಲಗಳನ್ನು ರಸ್ತೆ ಬದಿಗೆ ಇಳಿಸಿ, ತನ್ನ ಗೂಡ್ಸ್ ಆಟೋದಲ್ಲಿ ಕೊಪ್ಪಳದ ತನಕ ಬಿಟ್ಟ. ದ್ಯಾಮಣ್ಣ ದಾರಿಯಲ್ಲಿ ಓಡಿ ಬಂದು ಹತ್ತಿದ.

ಅದೊಂದು ಖಾಸಗಿ ದವಾಖಾನೆ. ಡಾಕ್ಟರು ಚಿಕ್ಕ ವಯಸ್ಸಿನವರು. ಎದೆಯ ಮೇಲೆ ಯಂತ್ರ ಆಡಿಸಿ ನೋಡಿದರು, ತಲೆಯ ಚಿತ್ರ ತೆಗೆಸಿದರು. ಹೊರಗೆ ಬಂದು ಹೇಳಿದರು.

"ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದೆ. ಅದರ ಚೂರು ಹಾರಿ ಮೆದುಳಿನ ನರಕ್ಕೆ ಸಿಕ್ಕಿದೆ. ಗುಳಿಗೆ ಎಷ್ಟು ದಿನದಿಂದ ನಿಲ್ಲಿಸಿದ್ದೀರಿ?"

"ಇಲ್ರಿ ಸರ" ಅಂದ ದ್ಯಾಮಣ್ಣ. "ನನ್ನ ಕೈಯಾರೆ ಕೊಟ್ಟೀನ್ರಿ. ಒಂದ ದಿನಾನೂ ತಪ್ಪಿಸಿಲ್ರಿ."

"ಸುಳ್ಳು ಹೇಳಬೇಡಪ್ಪ. ರಕ್ತ ಪರೀಕ್ಷೆಯಲ್ಲಿ ಗುಳಿಗೆಯ ಗುರುತೇ ಇಲ್ಲ. ಎಷ್ಟು ದಿನ ಅಂತ ಗೊತ್ತಾದರೆ ನನಗೆ ಔಷಧ ಕೊಡಲು ದಾರಿಯಾಗುತ್ತದೆ."

"ಅವ್ವನಾಣಿ ಕೊಟ್ಟೀನ್ರೀ."

"ನಿಮ್ಮಂಥವರಿಗೆ ಎಷ್ಟು ಹೇಳಿದರೂ ಅಷ್ಟೇ. ಸರಕಾರ ಅಷ್ಟು ದೊಡ್ಡ ಆಪರೇಷನ್ ಮಾಡಿಸುತ್ತದೆ, ನಿಮಗೆ ಒಂದು ಗುಳಿಗೆ ನುಂಗಿಸಲು ಆಗುವುದಿಲ್ಲ."

ದ್ಯಾಮಣ್ಣ ಅಳತೊಡಗಿದ. ಅಷ್ಟು ಎತ್ತರದ ಗಂಡಸು, ಹತ್ತಾರು ಮಂದಿಯ ನಡುವೆ ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತ. ಪಾರಮ್ಮನ ಸೊಂಟದ ಚೀಲದಲ್ಲಿ ಒಂಬತ್ತು ಗುಳಿಗೆ ಇದ್ದವು. ಅವಳು ಕಡೆಗೂ ಬಾಯಿ ಬಿಟ್ಟಳು.

"ಒಂಬತ್ತ ದಿನ ಆತ್ರಿ."

ಡಾಕ್ಟರು ತಿರುಗಿದರು. "ಯಾರು ನಿಲ್ಲಿಸಿದ್ದು?"

ಮಂಚದ ಮೇಲಿಂದ ಮಾರೆಮ್ಮ ನೋಡುತ್ತಿದ್ದಳು. ಕಣ್ಣು ಚುರುಕಾಗಿಯೇ ಇದ್ದವು. ಕಿವಿಯೂ ಕೇಳುತ್ತಿತ್ತು.

"ಆಕಿನ ಬಿಟ್ಟಾಳ್ರಿ" ಅಂದಳು ಪಾರಮ್ಮ. "ನನಗ ಆಮ್ಯಾಲೆ ಗೊತ್ತಾತ್ರಿ."

ಡಾಕ್ಟರು ಮಂಚದ ಕಡೆಗೆ ನಡೆದು, ಮಾತು ಬಾರದ ಮಾರೆಮ್ಮನನ್ನು ಎಲ್ಲರ ಮುಂದೆ ಬೈದರು. ಬುದ್ಧಿ ಇದೆಯೇ, ಸಾಯಬೇಕು ಅಂತಿದ್ದೀಯೇನು ಅಂದರು. ಅವಳ ಬಾಯಿಯಿಂದ ಜೊಲ್ಲು ಸುರಿಯಿತು, ಮಾತು ಬರಲಿಲ್ಲ. ಕಣ್ಣು ಮಾತ್ರ ಪಾರಮ್ಮನ ಮೇಲೇ ಇದ್ದವು. ಪಾರಮ್ಮ ಗೋಡೆಯ ಕಡೆ ಮುಖ ಮಾಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಅಂಥವರಿಗೆಲ್ಲ ಬಾಯಿ ಬಿಡುವುದಿಲ್ಲ.

ಸೂಜಿಯಿಂದ ಹನಿ ಹನಿಯಾಗಿ ಔಷಧ ಹೋಯಿತು, ದಿನಗಟ್ಟಲೆ. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಮಾತೂ ಉಳಿಯಲಿಲ್ಲ. ಕಳಿಸುವಾಗ ಡಾಕ್ಟರು ಕಾಗದ ಓದಿ ದ್ಯಾಮಣ್ಣನಿಗೆ ತಿಳಿಸಿ ಹೇಳಿದರು: ರೋಗಿ ತನ್ನ ಸ್ವಂತ ಇಚ್ಛೆಯಿಂದ ಔಷಧ ನಿಲ್ಲಿಸಿದ್ದರಿಂದ ಹೀಗಾಗಿದೆ. ದ್ಯಾಮಣ್ಣ ಹೆಬ್ಬೆಟ್ಟು ಒತ್ತಿದ. ಮಾರೆಮ್ಮ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ಕೇರಿಯೆಲ್ಲ ಅದೇ ಮಾತು. ಗಂಡ ಬಂಗಾರದಂಥವ, ಈಕೆಗೇ ಬುದ್ಧಿ ಇಲ್ಲ. ದ್ಯಾಮಣ್ಣ ಗಂಜಿ ಕುಡಿಸುತ್ತಲೇ ಬೈಯುವನು. "ನನ್ನ ಕಣ್ಣಾಗ ಮಣ್ಣ ಹಾಕಿದೆಲ್ಲ! ನಾ ಏನ್ ಕಡಿಮಿ ಮಾಡಿದ್ನಿ ನಿನಗ?" ಅನ್ನುವನು. ಬೈದು ಮತ್ತೆ ಬಾಯಿ ಒರೆಸುವನು. ಪಾರಮ್ಮ ಹೊಲದ ಕೆಲಸ ಬಿಟ್ಟು ದಿನಾ ಅವರ ಮನೆಗೆ ಹೋಗುತ್ತಿದ್ದಳು. ಅರಿವೆ ಒಗೆಯುತ್ತಿದ್ದಳು, ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಬಾಚುವುದಿದ್ದರೆ ಅವಳಿಗೆ ಸಮಾಧಾನ, ಯಾಕೆಂದರೆ ಹಿಂದೆ ಕೂರಬಹುದಿತ್ತು. ಎದುರಿಗೆ ಕೂತರೆ ಆ ಕಣ್ಣು. ಎಷ್ಟೋ ಸಲ ಹೇಳಬೇಕು ಅಂತ ಹೋಗಿ, ದ್ಯಾಮಣ್ಣನ ಮುಖ ನೋಡಿ, ಬಿಂದಿಗೆ ತಗೊಂಡು ನೀರಿಗೆ ಹೋಗಿಬಿಡುವಳು.

ಒಂದು ತಿಂಗಳಾದ ಮೇಲೆ ಶರಣಬಸಪ್ಪ ಹೇಳಿ ಕಳಿಸಿದ. ಕ್ರಾಸಿಂಗ್ ಇನ್ನೂ ಹದಿನೈದು ದಿನ ಇದೆ, ಗ್ಯಾಂಗು ಸಡಿಲಾಗಿದೆ, ಪಾರಮ್ಮ ಬರಬೇಕು, ಒಬ್ಬಳು ಕಡಿಮೆಯಾಗಿದ್ದಾಳೆ, ಅವಳ ಬದಲಿಗೆ ಯಾರನ್ನಾದರೂ ತರಬೇಕು. ಬದಲಿಗೆ ಬಂದವಳು ದ್ಯಾಮಣ್ಣನ ತಂಗಿ ಹೇಮಾ. ಗಂಡನ ಮನೆಯಿಂದ ಅತ್ತಿಗೆಯ ಆರೈಕೆಗೆ ಬಂದವಳು, ಮನೆ ನಡೆಯಲಿ ಅಂತ ಕೂಲಿಗೂ ಹೊರಟಳು.

ಮರುದಿನ ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಸಾಲು ನಿಂತಿತು. ಶರಣಬಸಪ್ಪ ಒಳಗೆ ಜೀಪಿಗೆ ಒರಗಿ ನಿಂತಿದ್ದ. ಪಾರಮ್ಮ ಮೊದಲನೆಯವಳ ಮುಂದೆ ಬಂದಳು. ಹೇಮಾ. ಹೇಮಾ ಎರಡೂ ಮೊಣಕಾಲು ಬಿಗಿಯಾಗಿ ಜೋಡಿಸಿ, ಬೆರಳಿನಿಂದ ಸೆರಗಿನ ತುದಿ ತಿರುವುತ್ತ ನಿಂತಿದ್ದಳು. ಕೇಳುವ ಮೊದಲೇ ಅಂದಳು.

"ಇಲ್ರಿ ಅತ್ತಿ. ನಾ ಆಗಿಲ್ರಿ."

ನೆಲ ನೋಡುತ್ತ ಅಂದಳು. ಸುಳ್ಳು. ಪಾರಮ್ಮನಿಗೆ ಒಂದೇ ಸಲಕ್ಕೆ ತಿಳಿಯಿತು. ಬಾಯಿಯಲ್ಲಿದ್ದ ಎಲೆ ಉಗುಳಿದಳು. ಮುಂದಿನವಳ ಹತ್ತಿರ ಹೋಗಲಿಲ್ಲ.

"ಯಾಕ ನಿಂತಿ? ಕೇಳು" ಅಂದ ಶರಣಬಸಪ್ಪ.

"ಇವತ್ತಿಂದ ನಾ ಕೇಳೂದಿಲ್ರಿ ಧಣಿ."

"ಏನಂದಿ?"

"ಕೇಳೂದಿಲ್ಲ ಅಂದೆ."

ಅವನು ಗೇಟಿಗೆ ಬಂದ. "ತಲಿ ಕೆಟ್ಟೈತೇನು? ಮೈಲಿಗಿ ಹೊಕ್ಕು ಹೂ ಉದುರಿದ್ರ ಯಾರ ಹೊಣಿ? ನಿಮ್ಮಪ್ಪ ತುಂಬತಾನೇನು?"

"ನಮ್ಮ ಹುಡುಗಿ ಕೈ ಬಿದ್ದು ಹೋತು, ಬಾಯಿ ಬಿದ್ದು ಹೋತು. ಅದಕ್ಕ ಯಾರ ಹೊಣಿರಿ?"

"ಆಕಿ ಗುಳಿಗಿ ಬಿಟ್ಟದ್ದಕ್ಕ ನಾ ಏನ್ ಮಾಡ್ಲಿ?"

"ಆಕಿ ಬಿಡಲಿಲ್ಲ." ಪಾರಮ್ಮನ ದನಿ ಒಡೆಯಿತು. ಆದರೆ ನಿಲ್ಲಲಿಲ್ಲ. ಸಾಲಿನ ಕಡೆ ತಿರುಗಿದಳು. "ಕೇಳ್ರಿ ಎಲ್ಲಾರೂ. ಗುಳಿಗಿ ಬಿಡು ಅಂದಾಕಿ ನಾನು. ರಕ್ತ ನಿಲ್ಲಬೇಕು, ಈ ಗೇಟ್ ದಾಟಬೇಕು, ನನ್ನ ಮೇಸ್ತ್ರಿಕಿ ಉಳೀಬೇಕು, ಅದಕ್ಕ ಬಿಡಿಸಿದ್ನಿ. ದವಾಖಾನ್ಯಾಗ ಆಕೀ ಮ್ಯಾಲೆ ಹಾಕಿ ಬಂದ್ನಿ. ಮಾತ ಬರಲಾರದಾಕಿ ಮ್ಯಾಲೆ ಸುಳ್ಳ ಹೇಳಿ ಬಂದ್ನಿ. ಥೂ ನನ್ನ ಜನ್ಮಕ್ಕ!"

ಹೇಮಾ ಬಾಯಿಗೆ ಕೈ ಇಟ್ಟುಕೊಂಡಳು.

"ಇನ್ನೊಂದ ಮಾತ ಕೇಳ್ರಿ ಧಣಿ" ಅಂದಳು ಪಾರಮ್ಮ. "ಹನ್ನೊಂದು ವರ್ಷ ನಾ ಇಲ್ಲಿ ಕೇಳೀನಿ. ಹನ್ನೊಂದು ವರ್ಷ ಇವರು ಸುಳ್ಳ ಹೇಳ್ಯಾರ. ಹೋದ ವರ್ಷ ಕಂಪನ್ಯಾವ್ರು ನಿಮಗ ಶಾಲು ಹೊಚ್ಚಿದ್ರಲ್ಲ, ಎಲ್ಲಾರಕಿಂತ ಹೆಚ್ಚು ಬೀಜ ಬಂದೈತಿ ಅಂತ? ಆ ವರ್ಷ ಮುಟ್ಟಾದವರು ಇಲ್ಲದ ಒಂದ ದಿನಾನೂ ನಿಮ್ಮ ಹೊಲದಾಗ ಕ್ರಾಸಿಂಗ್ ಆಗಿಲ್ಲ. ನನಗ ಗೊತ್ತು. ಒಂದ ಹೂ ಉದುರಿಲ್ಲ."

ಶರಣಬಸಪ್ಪನ ಮುಖ ಕಪ್ಪಿಟ್ಟಿತು. "ಹೌದೇನ್ರೇ?" ಅಂದ ಸಾಲಿನ ಕಡೆ. "ಹೇಳ್ರಿ, ಹೌದೇನು?"

ಇಬ್ಬರು ಮೆಲ್ಲಗೆ ಸಾಲು ಬಿಟ್ಟು ಗೇಟಿನ ಹತ್ತಿರ ಸರಿದು ನಿಂತರು. ಒಬ್ಬಳು ಪಾರಮ್ಮನಿಗೆ ಕೇಳುವ ಹಾಗೆ "ನಿಂದ ಪಾಪ, ನಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡಿತಿ?" ಅಂದಳು. ಅವಳು ಅಂದದ್ದೂ ಸುಳ್ಳಲ್ಲ.

ಆಮೇಲೆ ಗುರುಲಿಂಗಮ್ಮ ಕೆಮ್ಮಿದಳು. ಸದಾ ತಲೆ ತಗ್ಗಿಸಿಕೊಂಡಿರುವ ಹೆಂಗಸು.

"ಹೋದ ಸೋಮಾರ ನಾ ಹೊರಗಾಗಿದ್ನಿರಿ" ಅಂದಳು. "ಆರನೇ ಸಾಲು ನಂದ. ಹೋಗಿ ನೋಡ್ರಿ, ಕಾಯಿ ಹಿಡದಾವ."

"ನಾನೂ ಆಗಿದ್ನಿರಿ" ಅಂದಳು ಅವಳ ಹಿಂದಿನವಳು.

ಹೇಮಾ ತಲೆ ಎತ್ತಿದಳು. "ನಾ ಈಗ ಆಗೀನ್ರಿ" ಅಂದಳು.

ಬಿಸಿಲು ಏರುತ್ತಿತ್ತು. ಗೇಟಿನ ಆಚೆ ನಿನ್ನೆ ಸುಲಿದಿಟ್ಟ ಸಾವಿರಾರು ಮೊಗ್ಗುಗಳು ಕಾಯುತ್ತಿದ್ದವು. ಬೇರೆ ಊರಿನ ಗ್ಯಾಂಗು ಕರೆಸಬೇಕೆಂದರೆ ಮಧ್ಯಾಹ್ನವಾಗುತ್ತದೆ, ಅಷ್ಟರಲ್ಲಿ ಅವತ್ತಿನ ಹೂವೆಲ್ಲ ದಂಡ. ಶರಣಬಸಪ್ಪ ಸೂರ್ಯನನ್ನು ನೋಡಿದ, ಸಾಲನ್ನು ನೋಡಿದ. ಶಾಸ್ತ್ರಕ್ಕಿಂತ ಬೀಜ ದೊಡ್ಡದು.

"ಒಳಗ ನಡೀರಿ ಎಲ್ಲಾರೂ" ಅಂದ. "ಈಕಿ ಒಬ್ಬಾಕಿ ಬ್ಯಾಡ. ಈಕಿ ಇನ್ನ ನನ್ನ ಹೊಲ ತುಳೀಬಾರದು."

ಹೆಂಗಸರು ಪಾರಮ್ಮನ ಕಡೆ ನೋಡಿದರು. "ಹೋಗ್ರಿ" ಅಂದಳು. "ಇವತ್ತ ಯಾರೂ ಕೇಳೂದಿಲ್ಲ, ಹೋಗ್ರಿ." ಅವರು ಹೋದರು. ಯಾರೂ ಯಾರನ್ನೂ ಕೇಳಲಿಲ್ಲ.

ಗೆದ್ದೆ ಅಂತ ಅವಳಿಗೆ ಅನ್ನಿಸಲಿಲ್ಲ. ಹನ್ನೊಂದು ವರ್ಷದ ಮೇಲೆ ಆಡಿದ ಮಾತು ಒಂದು ತಿಂಗಳ ಮೊದಲು ಆಡಿದ್ದರೆ? ಆ ಪ್ರಶ್ನೆ ಊರ ತನಕ ಜೊತೆಗೇ ಬಂತು. ಹೇಮಾ ಸಂಜೆ ಬಂದು ಹೇಳುವ ಮೊದಲು ತಾನೇ ಹೇಳಬೇಕು ಅಂತ ಬಿರಬಿರನೆ ನಡೆದಳು.

ದ್ಯಾಮಣ್ಣ ಗಂಜಿ ಕುಡಿಸುತ್ತಿದ್ದ. ಮಾರೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಾರಮ್ಮ ಈ ಸಲ ಎದುರಿಗೆ ಕೂತಳು. ಎಲೆ ಅಡಿಕೆ ಚೀಲ ಬಿಚ್ಚಿ ನೆಲದ ಮೇಲೆ ಸುರಿದಳು. ಸುಣ್ಣದ ಡಬ್ಬಿ, ಅಡಿಕೆ ಚೂರು, ಬಣ್ಣ ಬಿಟ್ಟ ಒಂಬತ್ತು ಗುಳಿಗೆ.

"ದ್ಯಾಮಣ್ಣ, ಇವು ನೀ ಕೊಟ್ಟ ಗುಳಿಗಿ. ನಾ ಬಿಡು ಅಂದ್ನಿ, ಆಕಿ ಬಿಟ್ಟಳು. ಆಕಿ ನನಗ ಬ್ಯಾಡ ಅಂದಿದ್ಲು. ನಾ ಕೇಳಲಿಲ್ಲ. ದವಾಖಾನ್ಯಾಗ ನಾ ಹೇಳಿದ್ದು ಸುಳ್ಳು."

ದ್ಯಾಮಣ್ಣ ಗುಳಿಗೆಗಳನ್ನು ನೋಡಿದ. ಒಂದನ್ನು ಎತ್ತಿಕೊಂಡ, ಮತ್ತೆ ಇಟ್ಟ. ತಿಂಗಳಿಡೀ ಹೆಂಡತಿಗೆ ಬೈದ ಮಾತೆಲ್ಲ ಅವನ ಮುಖಕ್ಕೆ ಬಂದು ಕೂತವು. ಗಂಜಿಯ ಬಟ್ಟಲು ಕೆಳಗಿಟ್ಟು, ಗೋಡೆಯ ಕಡೆ ತಿರುಗಿ ಕೂತುಬಿಟ್ಟ.

ಪಾರಮ್ಮ ಮಾರೆಮ್ಮನ ಕಡೆ ಸರಿದಳು. "ಮಾರಿ..." ಅಂದಳು.

ಮಾರೆಮ್ಮ ಎಡಗೈ ಎತ್ತಿ ಅವಳ ಕೆನ್ನೆಗೆ ಹೊಡೆದಳು. ಪೆಟ್ಟು ಗಟ್ಟಿಯಾಗಿಯೇ ಬಿತ್ತು. ಪಾರಮ್ಮ ಅಲುಗಲಿಲ್ಲ.

ಮಾರೆಮ್ಮ ಆ ಕೈಯನ್ನು ಕೆಳಗಿಳಿಸಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ದವಾಖಾನೆಯ ಚೀಲದ ಕಡೆ ತೋರಿಸಿದಳು. ಅದರಲ್ಲಿ ಆ ಕಾಗದ ಇತ್ತು. ತುಟಿ ಜಗ್ಗಿದವು, ಕುತ್ತಿಗೆಯ ನರ ಉಬ್ಬಿದವು. ಒಂದೊಂದೇ ಅಕ್ಷರ ಎಳೆದು ಎಳೆದು ಹೊರಗೆ ಹಾಕಿದಳು.

"ಬ... ರ... ಸು."

"ಬರಸ್ತೀನವ್ವ" ಅಂದಳು ಪಾರಮ್ಮ. "ಡಾಕ್ಟರ ಮುಂದ ನಿಂತು ಎಲ್ಲಾ ಹೇಳತೀನಿ. ಹನ್ನೆರಡ ದಿನ ಹರೀತಿದ್ದದ್ದೂ ಹೇಳತೀನಿ, ಮಣ್ಣ ಕೆರದದ್ದೂ ಹೇಳತೀನಿ. ನನ್ನ ಹೆಸರ ಬರಸ್ತೀನಿ. ನಾಳಿ ಮುಂಜಾನಿ ಬಸ್ಸಿಗಿ ಹೋಗೂಣು."

ಮಾರೆಮ್ಮ ತಲೆ ಅಲ್ಲಾಡಿಸಿದಳು. ಗೋಡೆ ಹಿಡಿದು, ಒಂದು ಕಾಲಿನ ಮೇಲೆ ಭಾರ ಹಾಕಿ, ತಾನೇ ಎದ್ದು ನಿಂತಳು.

"ಈ... ಗ" ಅಂದಳು.